ಬನ್ನಿನ ಹಿಟ್ಟನ್ನು ಎಬ್ಬಿಸಿದ ಯೀಸ್ಟ್

ಜಂಬ ಕೊಚ್ಚಿಕೊಳ್ಳಬಾರದು ಎಂದು ನಮ್ಮಮ್ಮ ಬದುಕಿರುವವರೆಗೂ ಹೇಳುತ್ತಿದ್ದಳು. ಕೆಲಸದಲ್ಲಿದ್ದಷ್ಟು ಕಾಲ ಅವಳ ಮಾತನ್ನು ಹೇಗೋ ನಡೆಸಿದೆ. ಈಗ ನಿವೃತ್ತಿಯಾಗಿದೆ, ಮಂಡಿಗೆ ಎಣ್ಣೆ ತಿಕ್ಕಿಕೊಂಡು ಕೂತಿದ್ದೇನೆ. ಈಗಲೂ ಕೊಚ್ಚಿಕೊಳ್ಳದಿದ್ದರೆ ಇನ್ಯಾವಾಗ? ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ. ಕೆಜಿಎಫ್‌ನ ಯಾವುದಾದರೂ ಬೇಕರಿಯಲ್ಲಿ ನೀವು ದ್ರಾಕ್ಷಿ ಬನ್ನು ತಿಂದು, ಅದು ಹತ್ತಿಯ ಹಾಗೆ ಮೆತ್ತಗಿದ್ದರೆ, ಅದರಲ್ಲಿ ನನ್ನ ಕೈವಾಡವಿದೆ.

ನಮ್ಮ ಅಪ್ಪ ಗದಗದ ಕಡೆಯವರು. ಕೆಜಿಎಫ್‌ನ ಯಂತ್ರದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತೆಂದು ಸಂಸಾರ ಕಟ್ಟಿಕೊಂಡು ಬಂದವರು. ನಾನು ಅಲ್ಲಿಯೇ ಬಿ.ಎಸ್ಸಿ. ಮುಗಿಸಿ, ಬಂಗಾರಪೇಟೆಯ ಹೊರಗೆ ಬೂದಿಕೋಟೆ ರಸ್ತೆಯಲ್ಲಿದ್ದ ಒಂದು ಯೀಸ್ಟ್ ಕಾರ್ಖಾನೆಗೆ ಸೇರಿದೆ. ದಿನಾ ಬೆಳಿಗ್ಗೆ ಕೆಜಿಎಫ್‌ನಿಂದ ಬಂಗಾರಪೇಟೆಗೆ ರೈಲು. ರೈಲಿನಲ್ಲಿ ಜೊತೆಗಿದ್ದ ಹೆಂಗಸರಿಗೆ ನಾನು ಎಲ್ಲಿ ಕೆಲಸ ಮಾಡುತ್ತೇನೆಂದು ಹೇಳಬೇಕಾಗಿಯೇ ಇರಲಿಲ್ಲ. ನನ್ನ ಸೀರೆಗೆ ಹತ್ತಿದ ಕಾಕಂಬಿಯ ಹುಳಿವಾಸನೆಯೇ ಹೇಳುತ್ತಿತ್ತು. ಸಕ್ಕರೆ ಕಾರ್ಖಾನೆಯಲ್ಲಿ ಸಕ್ಕರೆ ತೆಗೆದ ಮೇಲೆ ಉಳಿಯುವ ಆ ಕಪ್ಪು ಪಾಕವೇ ನಮ್ಮ ಯೀಸ್ಟಿನ ಮೂರು ಹೊತ್ತಿನ ಊಟ.

ಈಚೆಗೆ ಅಲ್ಲಿಗೆ ಹೊಸದಾಗಿ ಸೇರಿದ ಹುಡುಗಿಯರು ಮನೆಗೆ ಬಂದಿದ್ದರು. ಈಗ ಅವರು ಯೀಸ್ಟಿನ ಚೂರನ್ನು ಬೆಂಗಳೂರಿಗೆ ಕಳಿಸಿದರೆ ಅದರ ಜಾತಕವೆಲ್ಲ ಕಂಪ್ಯೂಟರಿಗೆ ಬಂದು ಬೀಳುತ್ತದೆ. “ಮೇಡಂ, ಜೀನ್ ಓದೋ ಮಷೀನೇ ಇಲ್ದೆ ನೀವು ಹೆಂಗೆ ಕೆಲ್ಸ ಮಾಡ್ತಿದ್ರಿ?” ಎಂದು ಕೇಳಿದರು. “ಏನು ಉಣ್ಣುತ್ತೆ, ಏನು ಬಿಡುತ್ತೆ ಅಂತ ನೋಡ್ತಿದ್ವಿ ಕಣ್ರಮ್ಮ,” ಎಂದೆ. ಅವರು ನಕ್ಕರು. ನಾನು ತಮಾಷೆಗೆ ಹೇಳಿರಲಿಲ್ಲ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಯೀಸ್ಟ್ ಎಂದರೆ ಒಂದೇ ಕೋಶದ ಜೀವಿ. ಬಾಯಿಯಿಲ್ಲ, ಹಲ್ಲಿಲ್ಲ, ಆದರೆ ಊಟದ ವಿಷಯದಲ್ಲಿ ಮದುವೆಮನೆಯ ಬೀಗರಿಗಿಂತ ಹೆಚ್ಚು ತಕರಾರು. ನಾವು ಕಾಫಿಗೆ ಹಾಕುವ ಸಕ್ಕರೆಯಲ್ಲಿ ಎರಡು ಸಣ್ಣ ಸಕ್ಕರೆಗಳು ಜೋಡಿಯಾಗಿರುತ್ತವೆ. ಯೀಸ್ಟ್ ಇನ್ವರ್ಟೇಸ್ ಎಂಬ ಕಿಣ್ವವನ್ನು ಮೈಯಾಚೆ ಬಿಟ್ಟು, ಆ ಜೋಡಿಯನ್ನು ಹೊರಗೇ ಬಿಡಿಸಿ, ಆಮೇಲೆ ಒಳಗೆ ಎಳೆದುಕೊಳ್ಳುತ್ತದೆ. ಹಿಟ್ಟು ಕಲಸಿಟ್ಟಾಗ ಹಿಟ್ಟಿನಿಂದಲೇ ಹುಟ್ಟುವ ಮಾಲ್ಟೋಸ್ ಎಂಬ ಸಕ್ಕರೆಯ ರೀತಿಯೇ ಬೇರೆ. ಅದನ್ನು ಇಡಿಯಾಗಿ ಒಳಗೆ ಕರೆದುಕೊಂಡು, ಒಳಗೆ ಕತ್ತರಿಸಬೇಕು. ಅದಕ್ಕೆ ಮೂರು ಜೀನ್ ಬೇಕು. ಒಂದು ಬಾಗಿಲು, ಒಂದು ಕತ್ತರಿ, ಇವೆರಡನ್ನೂ ಕೆಲಸಕ್ಕೆ ಎಬ್ಬಿಸುವ ಒಬ್ಬ ಮೇಸ್ತ್ರಿ. ಮೇಸ್ತ್ರಿ ಕೆಟ್ಟರೆ ಉಳಿದಿಬ್ಬರೂ ಇದ್ದೂ ಇಲ್ಲದಂತೆ. ಈ ಪಾಠವನ್ನು ಇದೇ ಮಾತುಗಳಲ್ಲಿ ನನಗೆ ಹೇಳಿಕೊಟ್ಟವರು ಗೋಪಿನಾಥ ರಾಯರು, ನಮ್ಮ ತಳಿ ವಿಭಾಗದ ಮುಖ್ಯಸ್ಥರು. ತಳಿ ವಿಭಾಗ ಎಂದರೆ ಭಾರಿ ಕಟ್ಟಡವೇನಲ್ಲ. ರಾಯರು, ನಾನು, ಒಂದು ಮೈಕ್ರೋಸ್ಕೋಪು, ಒಂದು ತಣ್ಣನೆಯ ಕೋಣೆ, ಅಷ್ಟೇ.

ರಾಯರದು ಮೂಗಿನ ತುದಿಯ ಕೋಪ. ಬೈದರೆ ಸಹಿಸಬಹುದಿತ್ತು, ಹೊಗಳಿದರೆ ಮಾತ್ರ ಭಯವಾಗುತ್ತಿತ್ತು. ಸೇರಿದ ಹೊಸದರಲ್ಲಿ ನನಗೊಂದು ತಳಿ ಕೊಟ್ಟು, ಯಾವ ಯಾವ ಸಕ್ಕರೆ ತಿನ್ನುತ್ತದೆ ನೋಡು ಎಂದರು. ಒಂದೊಂದು ಗಾಜಿನ ನಳಿಗೆಯಲ್ಲಿ ಒಂದೊಂದು ಸಕ್ಕರೆಯ ನೀರು, ಅದರೊಳಗೆ ಬೋರಲು ಹಾಕಿದ ಪುಟ್ಟ ನಳಿಗೆ. ಯೀಸ್ಟ್ ತಿಂದರೆ ಗಾಳಿ ಬಿಡುತ್ತದೆ, ಗಾಳಿ ಪುಟ್ಟ ನಳಿಗೆಯಲ್ಲಿ ಗುಳ್ಳೆಯಾಗಿ ನಿಲ್ಲುತ್ತದೆ. ಆ ತಳಿಗೆ ಇನ್ವರ್ಟೇಸ್ ಜೀನೇ ಇಲ್ಲವೆಂದು ರಾಯರಿಗೆ ಗೊತ್ತಿತ್ತು, ನನಗೆ ಹೇಳಿರಲಿಲ್ಲ. ಮರುದಿನ ನೋಡಿದರೆ ಮಾಮೂಲಿ ಸಕ್ಕರೆಯ ನಳಿಗೆಯಲ್ಲಿ ಗುಳ್ಳೆ ಜೋರಾಗಿ ನಿಂತಿದೆ. ಓಡಿ ಹೋಗಿ, “ಸರ್, ಇದಕ್ಕೆ ಸಕ್ಕರೆ ಜೀರ್ಣವಾಗುತ್ತೆ!” ಎಂದೆ.

ರಾಯರು ಕನ್ನಡಕ ತೆಗೆದರು. “ಸಕ್ಕರೆ ನೀರನ್ನ ಹೇಗೆ ಶುದ್ಧ ಮಾಡಿದೆ?”

“ಬೇರೆ ಎಲ್ಲದರ ಜೊತೆ ಕುಕ್ಕರಿನಲ್ಲಿಟ್ಟು ಚೆನ್ನಾಗಿ ಬೇಯಿಸಿದೆ ಸರ್.”

“ಅದರಲ್ಲಿ ಹುಳಿ ಇತ್ತಲ್ಲ?”

“ಇತ್ತು.”

“ನಿಮ್ಮಮ್ಮ ಬಾದುಷಾ ಪಾಕಕ್ಕೆ ನಿಂಬೆರಸ ಹಿಂಡ್ತಾರಾ?”

“ಹಿಂಡ್ತಾರೆ. ಪಾಕ ಹರಳುಗಟ್ಟಬಾರದು ಅಂತ.”

“ನೀನು ಮಾಡಿದ್ದೂ ಅದೇ ಪಾಕ. ಹುಳಿ, ಬಿಸಿ ಸೇರಿ ಸಕ್ಕರೆ ಜೋಡಿಯನ್ನ ಆಗಲೇ ಬಿಡಿಸಿಬಿಟ್ಟಿವೆ. ಯೀಸ್ಟ್ ಮಾಡಬೇಕಾದ ಕೆಲಸ ಕುಕ್ಕರ್ ಮಾಡಿದೆ. ಕುಕ್ಕರಿನ ಜೀನ್ ಕಂಡುಹಿಡಿದಿದ್ದೀಯಮ್ಮ, ಶಭಾಷ್!”

ಆ ಶಭಾಷ್ ಕಾರ್ಖಾನೆಯೆಲ್ಲ ಸುತ್ತಿತು. ಕಾಕಂಬಿ ಟ್ಯಾಂಕು ನೋಡಿಕೊಳ್ಳುತ್ತಿದ್ದ ಬೂದಿಕೋಟೆಯ ಮುನಿಯಪ್ಪನವರು ಎದುರು ಸಿಕ್ಕಾಗಲೆಲ್ಲ, “ಅಕ್ಕಾ, ಕುಕ್ಕರ್ ಸಂದಾಗೈತಾ?” ಎಂದು ಕೇಳುತ್ತಿದ್ದರು. ಅಂದಿನಿಂದ ನಾನು ಸಕ್ಕರೆಯ ನೀರನ್ನು ಬೇಯಿಸಲಿಲ್ಲ, ಸೋಸಿಯೇ ಶುದ್ಧ ಮಾಡಿದೆ. ಹುಡುಗಿಯರೇ, ನೀವೂ ಹಾಗೆಯೇ ಮಾಡಿ. ಮಷೀನು ಎಷ್ಟೇ ಹೊಸದಾದರೂ ಹುಳಿ ತನ್ನ ಬುದ್ಧಿ ಬಿಡುವುದಿಲ್ಲ.

ಇನ್ನು ದೊಡ್ಡ ಕಥೆಗೆ ಬರುತ್ತೇನೆ. ಚಿನ್ನದ ಗಣಿಗಳು ಇನ್ನೂ ನಡೆಯುತ್ತಿದ್ದ ಕಾಲ. ಗಣಿಯ ಪಕ್ಕದ ಬಡಾವಣೆ ಚಾಂಪಿಯನ್ ರೀಫ್ಸ್‌ನಲ್ಲಿ ಆರೋಗ್ಯಸಾಮಿ ಎಂಬವರ ಬೇಕರಿ ಇತ್ತು. ಪಾಳಿ ಮುಗಿಸಿ ಗಣಿಯಿಂದ ಮೇಲೆ ಬಂದವರೆಲ್ಲ ಅಲ್ಲಿ ಒಂದು ಬನ್ನು, ಒಂದು ಟೀ ಮುಗಿಸಿಯೇ ಮನೆಗೆ ಹೋಗುತ್ತಿದ್ದರು. ಕ್ರಿಸ್ಮಸ್ ಬಂತೆಂದರೆ ಅವರ ದ್ರಾಕ್ಷಿ ಬನ್ನಿಗೆ ಸಾಲು ನಿಲ್ಲುತ್ತಿತ್ತು. ಆ ವರ್ಷ ಕ್ರಿಸ್ಮಸ್ ಹತ್ತಿರವಿದ್ದಾಗ ಅವರು ಒಂದು ಅಲ್ಯುಮಿನಿಯಂ ಪಾತ್ರೆ ಹಿಡಿದು ನಮ್ಮ ಕಾರ್ಖಾನೆಗೇ ಬಂದರು. ಪಾತ್ರೆಯನ್ನು ಮ್ಯಾನೇಜರ ಮೇಜಿನ ಮೇಲಿಟ್ಟು ಬಟ್ಟೆ ತೆಗೆದರು. ಒಳಗೆ ಬನ್ನಿನ ಹಿಟ್ಟು, ತಳಕ್ಕೆ ಅಂಟಿಕೊಂಡು ಮುದ್ದೆಯಾಗಿ ಕೂತಿತ್ತು.

“ಎನ್ನ ಸಾರ್, ಏನಿದು? ನಿಮ್ ಹೊಸ ಯೀಸ್ಟಲ್ಲಿ ಬ್ರೆಡ್ಡು ಜೋರಾಗಿ ಏಳ್ತದೆ. ಬನ್ನಿನ ಇಟ್ಟು ಮಾತ್ರ ಮಲಗಿದ್ರೆ ಏಳಂಗೇ ಇಲ್ಲ. ಕ್ರಿಸ್ಮಸ್ಸಿಗೆ ಜನಕ್ಕೆ ನಾನು ಕಲ್ಲು ಕೊಡ್ಲಾ?”

ಅವರೊಬ್ಬರೇ ಅಲ್ಲ, ರಾಬರ್ಟ್‌ಸನ್‌ಪೇಟೆಯಿಂದ ಬಂಗಾರಪೇಟೆಯವರೆಗೆ ಸಿಹಿ ಬನ್ನು ಮಾಡುವವರೆಲ್ಲರ ದೂರೂ ಅದೇ. ಹಲವರು ಆಗಲೇ ಹೊರಗಿನ ಒಂದು ಕಂಪನಿಯ ಯೀಸ್ಟ್ ತರಿಸತೊಡಗಿದ್ದರು. ಮ್ಯಾನೇಜರು ನಮ್ಮಿಬ್ಬರನ್ನು ಕರೆಸಿದರು. “ರಾಯರೇ, ಆ ಕಂಪನಿಯವರ ತಳಿಯನ್ನೇ ತರಿಸಿ ಬೆಳೆಸೋಣ. ನಾವು ಬೆಳೆಸಿ ಪೊಟ್ಟಣ ಕಟ್ಟಿದರೆ ಸಾಕು. ತಳಿ ವಿಭಾಗ ಯಾಕೆ ಬೇಕು ಹೇಳಿ?” ಎಂದರು.

ರಾಯರ ಮುಖ ಕೆಂಪಾಯಿತು. “ಮುಂದಿನ ಕ್ರಿಸ್ಮಸ್‌ವರೆಗೆ ಬಿಡಿ. ಬನ್ನನ್ನೂ ಬ್ರೆಡ್ಡನ್ನೂ ಎರಡನ್ನೂ ಎಬ್ಬಿಸೋ ನಮ್ಮದೇ ತಳಿ ಕೊಡ್ತೀನಿ. ಕೊಡದಿದ್ದರೆ ನಾನೇ ಬಾಗಿಲಿಗೆ ಬೀಗ ಹಾಕ್ತೀನಿ,” ಎಂದರು. ಮ್ಯಾನೇಜರು ಒಪ್ಪಿದರು. ಆ ಬೀಗ ಬಿದ್ದರೆ ರಾಯರ ಇಡೀ ಜೀವಮಾನದ ಕೆಲಸ ಹೋಗುತ್ತಿತ್ತು. ನನ್ನನ್ನು ಪೊಟ್ಟಣ ಕಟ್ಟುವ ಕಡೆಗೆ ದಾಟಿಸುತ್ತಿದ್ದರು. ನನಗೆ ಆ ಮೈಕ್ರೋಸ್ಕೋಪಿನ ಮುಂದೆ ಕೂರುವುದನ್ನು ಬಿಟ್ಟರೆ ಬೇರೇನೂ ಬೇಕಿರಲಿಲ್ಲ. ಆ ದಿನ ರೈಲಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಅತ್ತೆ.

ತಪ್ಪು ಎಲ್ಲಿದೆ ಎಂದು ತಿಳಿಯಲು ನಮಗೆ ಬಹಳ ದಿನ ಬೇಕಾಗಲಿಲ್ಲ. ನಮ್ಮ ಹೊಸ ತಳಿಗೆ ಕಾರ್ಖಾನೆಯಲ್ಲಿ ಎಲ್ಲರೂ ಇಟ್ಟ ಹೆಸರು ಹೊಟ್ಟೆಬಾಕ. ಕಾಕಂಬಿ ಸುರಿದಷ್ಟೂ ಮುಗಿಸುತ್ತಿತ್ತು. ಅದರಲ್ಲಿ ಇನ್ವರ್ಟೇಸ್ ಜೀನು ಒಂದಲ್ಲ, ಬೇರೆ ಬೇರೆ ಕ್ರೋಮೋಸೋಮುಗಳ ಮೇಲೆ ಹಲವು ಪ್ರತಿಗಳಿದ್ದವು. ಬನ್ನಿನ ಹಿಟ್ಟಿನಲ್ಲಿ ಸಕ್ಕರೆ ಮೊದಲೇ ಜಾಸ್ತಿ. ಹೊಟ್ಟೆಬಾಕ ಅಷ್ಟೂ ಜೋಡಿಗಳನ್ನು ಒಂದೇ ಸಲಕ್ಕೆ ಬಿಡಿಸಿ ಹಾಕುತ್ತಿತ್ತು, ಸುತ್ತ ಸಕ್ಕರೆ ಇಮ್ಮಡಿಯಾಗುತ್ತಿತ್ತು. ಮಾವಿನ ಹೋಳುಗಳಿಗೆ ಉಪ್ಪು ಬೆರೆಸಿದರೆ ನೀರು ಬಿಡುವುದಿಲ್ಲವೇ, ಹಾಗೆ ಯೀಸ್ಟಿನ ಮೈಯ ನೀರೆಲ್ಲ ಹೊರಗೆ ಹೋಗಿ ಅದೇ ಬಾಡಿ ಬೀಳುತ್ತಿತ್ತು. ಅತಿ ಆಸೆ ಗತಿ ಕೆಡಿಸಿತು ಎನ್ನುವುದು ಯೀಸ್ಟಿಗೂ ಸಲ್ಲುತ್ತದೆ.

ತಣ್ಣನೆಯ ಕೋಣೆಯಲ್ಲಿ ಒಂದು ಹಳೆಯ ತಳಿ ಇತ್ತು. ಕಾಕಂಬಿಯಲ್ಲಿ ನಿಧಾನವೆಂದು ಯಾವತ್ತೋ ಮೂಲೆಗೆ ಸೇರಿಸಿದ್ದು. ಹೆಸರು ಸೋಮಾರಿ. ಅದಕ್ಕೆ ಇನ್ವರ್ಟೇಸ್ ಜೀನು ಒಂದೇ ಒಂದು. ರಾಯರು ಅದನ್ನು ಆರೋಗ್ಯಸಾಮಿಯವರ ಬೇಕರಿಗೆ ಒಯ್ಯಲು ಹೇಳಿದರು. ಚಿನ್ನ ತೆಗೆದ ಮೇಲೆ ಉಳಿದ ಪುಡಿಯನ್ನು ಗುಡ್ಡೆ ಹಾಕಿದ ಸೈನೈಡ್ ದಿಬ್ಬದ ಧೂಳು ಕಣ್ಣಿಗೆ ಬೀಳುವ ಗಾಳಿಯಲ್ಲಿ ನಾನೂ ಮುನಿಯಪ್ಪನವರೂ ಡಬ್ಬಿ ಹಿಡಿದು ಹೋದೆವು. ಬನ್ನು ಎದ್ದಿತು. ಬ್ರೆಡ್ಡು ಏಳಲಿಲ್ಲ. ಬ್ರೆಡ್ಡಿನ ಹಿಟ್ಟಿಗೆ ಸಕ್ಕರೆ ಹಾಕುವುದಿಲ್ಲ, ಅಲ್ಲಿ ಮಾಲ್ಟೋಸನ್ನೇ ತಿನ್ನಬೇಕು, ಸೋಮಾರಿಯ ಮೇಸ್ತ್ರಿ ಜೀನು ಕೆಟ್ಟಿತ್ತು.

“ಬನ್ನು ಸೂಪರ್ ಮಾ,” ಎಂದರು ಆರೋಗ್ಯಸಾಮಿ. “ಬ್ರೆಡ್ಡು ಮಾತ್ರ ಚಪಾತಿ.”

ವಾಪಸು ಬರುವಾಗ ಮುನಿಯಪ್ಪನವರು ಅಂದರು, “ಒಂದಕ್ಕೆ ಒಟ್ಟೆ ಜಾಸ್ತಿ, ಇನ್ನೊಂದಕ್ಕೆ ಮೇಸ್ತ್ರಿ ಇಲ್ಲ. ಎರಡಕ್ಕೂ ಮದುವೆ ಮಾಡ್ಬುಡಿ ಅಕ್ಕಾ, ಮಕ್ಕಳಾಗ ಯಾವ್ದಾನ ಸರೋಗ್ತದೆ.” ರಾಯರೂ ಅದನ್ನೇ ಯೋಚಿಸಿದ್ದರು. ಹೊಟ್ಟೆಬಾಕನ ಮೇಸ್ತ್ರಿ, ಸೋಮಾರಿಯ ಒಂದೇ ಇನ್ವರ್ಟೇಸ್ ಜೀನು, ಇವೆರಡೂ ಒಂದೇ ಮಗುವಿನಲ್ಲಿ ಸೇರಬೇಕಿತ್ತು.

ಯೀಸ್ಟಿಗೆ ಮದುವೆ ಮಾಡಿಸುವುದು ಸುಲಭ, ಮಕ್ಕಳನ್ನು ಬಿಡಿಸುವುದು ಕಷ್ಟ. ಕೂಡಿದ ಯೀಸ್ಟನ್ನು ಹಸಿವಿಗೆ ಬಿಟ್ಟರೆ ಅದು ಒಂದು ಚೀಲದಂತಾಗಿ, ಒಳಗೆ ನಾಲ್ಕು ಬೀಜಕಗಳನ್ನು ಇಡುತ್ತದೆ. ಹೆತ್ತವರ ಜೀನುಗಳು ಈ ನಾಲ್ವರಲ್ಲಿ ಹಂಚಿಹೋಗಿರುತ್ತವೆ. ಬೆಂಕಿಯಲ್ಲಿ ಗಾಜನ್ನು ಕಾಯಿಸಿ ಎಳೆದು, ಕೂದಲಿಗಿಂತ ಸಣ್ಣಗೆ ಸೂಜಿ ಮಾಡಿಕೊಳ್ಳಬೇಕು. ಮೈಕ್ರೋಸ್ಕೋಪಿನಲ್ಲಿ ನೋಡುತ್ತಾ ಚೀಲದಿಂದ ಒಂದೊಂದೇ ಬೀಜಕವನ್ನು ಸೂಜಿಯಲ್ಲಿ ಎತ್ತಿ, ಜೆಲ್ಲಿಯಂತೆ ಹೆಪ್ಪುಗಟ್ಟಿದ ಅಗರ್ ತಟ್ಟೆಯ ಮೇಲೆ ಸಾಲಾಗಿ ಇಡಬೇಕು. ಅಲ್ಲಿ ಒಂದೊಂದೂ ಬೆಳೆದು ಬೊಟ್ಟಿನಂತೆ ಕಣ್ಣಿಗೆ ಕಾಣುತ್ತದೆ. ಕೆಮ್ಮಿದರೆ ಹೋಯಿತು, ಸೀನಿದರೆ ಹೋಯಿತು. ಬಂಗಾರಪೇಟೆಯ ಬೇಸಿಗೆಯಲ್ಲಿ ಫ್ಯಾನ್ ಕೂಡ ಹಾಕುವಂತಿಲ್ಲ. ಬೆವರು ಮೂಗಿನಿಂದ ತೊಟ್ಟಿಕ್ಕುತ್ತಿದ್ದರೂ ಕೈ ಅಲ್ಲಾಡಬಾರದು. ನನ್ನ ಕೈ ಅಲ್ಲಾಡುತ್ತಿರಲಿಲ್ಲ. ಆ ಕೆಲಸದಲ್ಲಿ ಸುತ್ತಮುತ್ತ ನನ್ನನ್ನು ಮೀರಿಸುವವರು ಇರಲಿಲ್ಲ. ಬೇಕಾದರೆ ಇದನ್ನೂ ಜಂಬ ಎನ್ನಿ.

ಮಳೆಗಾಲ ಮುಗಿಯುತ್ತಾ ಬಂದರೂ ಬೇಕಾದ ಮಗು ಸಿಗಲಿಲ್ಲ. ಒಡೆದ ಚೀಲಗಳಿಗೆ ಲೆಕ್ಕವಿಲ್ಲ. ರಾಯರ ನಿಯಮ ಒಂದೇ. ತಟ್ಟೆಯಲ್ಲಿ ದಪ್ಪಗೆ ಬೆಳೆದದ್ದನ್ನು ಆರಿಸು, ಚಿಕ್ಕದನ್ನು ಎಸೆ. ಅದು ಅವರೊಬ್ಬರ ನಿಯಮವಲ್ಲ, ಕಾರ್ಖಾನೆ ಶುರುವಾದಾಗಿನಿಂದ ಎಲ್ಲರೂ ಅನುಸರಿಸಿದ್ದು. ಟ್ಯಾಂಕಿಗೆ ಕಾಕಂಬಿ ಹಾಕುತ್ತೇವೆ, ಆದ್ದರಿಂದ ತಟ್ಟೆಗೂ ಕಾಕಂಬಿಯನ್ನೇ ಬೆರೆಸುತ್ತಿದ್ದೆವು. ದಪ್ಪನೆಯ ಮಕ್ಕಳನ್ನು ಆರಿಸಿ ಆರಿಸಿ ಬೇಕರಿಗೆ ಒಯ್ದರೆ ಬನ್ನು ಮತ್ತೆ ಕಲ್ಲು. ಆರೋಗ್ಯಸಾಮಿ ನಮ್ಮನ್ನು ಕಂಡರೆ ನಿಟ್ಟುಸಿರು ಬಿಡುವ ಹಾಗಾಗಿತ್ತು.

ಒಂದು ಬೆಳಿಗ್ಗೆ ತಟ್ಟೆ ನೋಡುತ್ತಿದ್ದೆ. ಒಂದು ಚೀಲದ ನಾಲ್ವರಲ್ಲಿ ಮೂವರು ದಪ್ಪಗೆ, ಒಬ್ಬ ಮಾತ್ರ ಸಾಸಿವೆ ಕಾಳಿನಷ್ಟು. ಎಸೆಯಲು ಕೈ ಚಾಚಿದವಳು ಹಾಗೇ ನಿಂತುಬಿಟ್ಟೆ. ಕಾಕಂಬಿಯಲ್ಲಿರುವುದು ಮುಖ್ಯವಾಗಿ ಮಾಮೂಲಿ ಸಕ್ಕರೆ. ಅದರ ಮೇಲೆ ದಪ್ಪಗಾಗುವುದು ಯಾರು? ಇನ್ವರ್ಟೇಸ್ ಜಾಸ್ತಿ ಇದ್ದವನು. ನಾವು ಹುಡುಕುತ್ತಿರುವುದು ಯಾರನ್ನು? ಕಡಿಮೆ ಇದ್ದವನನ್ನು. ಅವನು ಈ ತಟ್ಟೆಯಲ್ಲಿ ಚಿಕ್ಕವನಾಗಿಯೇ ಕಾಣಬೇಕು!

ತಟ್ಟೆ ಹಿಡಿದು ರಾಯರ ಬಳಿ ಹೋದೆ. “ಸರ್, ನಮ್ಮ ತಟ್ಟೆಯಲ್ಲೇ ತಪ್ಪಿದೆ. ಇದರಲ್ಲಿ ದಪ್ಪಗಿರೋದನ್ನ ಆರಿಸಿದಷ್ಟು ಸಲವೂ ಹೊಟ್ಟೆಬಾಕನೇ ಸಿಗ್ತಾನೆ. ಈ ಚಿಕ್ಕದನ್ನ ಇಟ್ಟುಕೊಳ್ಳೋಣ.”

ರಾಯರು ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದರು. ಕ್ರಿಸ್ಮಸ್ ಎದುರಿಗಿತ್ತು, ಮ್ಯಾನೇಜರು ದಿನಾ ಕೇಳುತ್ತಿದ್ದರು, ಅವರಿಗೆ ತಾಳ್ಮೆ ಉಳಿದಿರಲಿಲ್ಲ. “ಇದು ರೋಗದ ಕೂಸು. ಇದನ್ನ ಕಟ್ಟಿಕೊಂಡು ಟ್ಯಾಂಕ್ ತುಂಬಿಸೋಕಾಗುತ್ತಾ? ಎಸಿಯಮ್ಮ ಅದನ್ನ,” ಎಂದರು.

“ಎಸೆಯಲ್ಲ ಸರ್.”

ಅವರಿಗೆ ನಾನು ಹಾಗೆ ಹೇಳಿದ್ದು ಅದೇ ಮೊದಲು. ಅವರು, “ನಿನ್ನಿಷ್ಟ. ನನ್ನ ಸಹಾಯ ಕೇಳಬೇಡ,” ಎಂದು ಎದ್ದು ಹೋದರು.

ಕೇಳಲಿಲ್ಲ. ಚಿಕ್ಕವನನ್ನು ಮಾಲ್ಟೋಸ್ ತಟ್ಟೆಯ ಮೇಲೆ ಇಟ್ಟೆ. ಅಲ್ಲಿ ಅವನು ಹೊಟ್ಟೆಬಾಕನಿಗೆ ಸರಿಸಮನಾಗಿ ಬೆಳೆದ. ಅಂದರೆ ಮೇಸ್ತ್ರಿ ಬಂದಿದ್ದ. ಸಕ್ಕರೆ ನೀರಿನ ನಳಿಗೆಯಲ್ಲಿ ಗುಳ್ಳೆ ನಿಧಾನವಾಗಿ ಬಂತು. ಅಂದರೆ ಇನ್ವರ್ಟೇಸ್ ಕಡಿಮೆ. ರೋಗದ ಕೂಸಲ್ಲ, ನಾವು ಬೇಡದ ಊಟ ಬಡಿಸಿ ಕುಗ್ಗಿಸಿದ್ದ ಕೂಸು. ಮತ್ತಷ್ಟು ಚೀಲ ಒಡೆದು, ಇವನಂಥದೇ ಇನ್ನೊಂದನ್ನು ಹುಡುಕಿ, ಇಬ್ಬರನ್ನೂ ಕೂಡಿಸಿದೆ. ಜೋಡಿಯಾದ ಮೇಲೆ ಬಲ ಬಂತು. ಟ್ಯಾಂಕಿನ ಚಿಂತೆಯನ್ನು ಮುನಿಯಪ್ಪನವರು ನೀಗಿಸಿದರು. ಕಾಕಂಬಿಯ ನಲ್ಲಿಯನ್ನು ಸಣ್ಣಗೆ ಬಿಟ್ಟು, “ಇದು ನಿದಾನಕ್ಕೆ ಉಣ್ಣೋ ಜಾತಿ ಅಕ್ಕಾ. ತುರುಕಬಾರ್ದು, ಬಡಿಸ್ಬೇಕು,” ಎಂದು ಟ್ಯಾಂಕಿನ ಪಕ್ಕದಲ್ಲೇ ಕೂತರು. ಚಿಕ್ಕವನು ಟ್ಯಾಂಕು ತುಂಬಿದ.

ಪರೀಕ್ಷೆ ಆರೋಗ್ಯಸಾಮಿಯವರ ಬೇಕರಿಯಲ್ಲೇ ನಡೆಯಿತು. ಮ್ಯಾನೇಜರು ಹೊರಗಿನ ಕಂಪನಿಯ ಯೀಸ್ಟನ್ನೂ ತಂದಿದ್ದರು. ಒಂದೇ ಮೂಟೆಯ ಮೈದಾ, ಒಂದೇ ನೀರು. ಅವರದರಿಂದ ಬನ್ನು, ಬ್ರೆಡ್ಡು; ನಮ್ಮದರಿಂದಲೂ ಬನ್ನು, ಬ್ರೆಡ್ಡು. ಯಾವುದು ಯಾರದೆಂದು ಆರೋಗ್ಯಸಾಮಿಗೆ ಹೇಳಿರಲಿಲ್ಲ. ಹಿಟ್ಟಿನ ಮೇಲೆ ಒದ್ದೆ ಬಟ್ಟೆ ಹೊದಿಸಿ ಕಾಯುತ್ತಾ ನಿಂತೆವು. ರಾಯರು ಬೇಕರಿಯ ಬಾಗಿಲಲ್ಲೇ ನಿಂತಿದ್ದರು, ಒಳಗೆ ಬರಲಿಲ್ಲ.

ಆರೋಗ್ಯಸಾಮಿ ಬಟ್ಟೆ ತೆಗೆದರು. ಹೊರಗಿನ ಯೀಸ್ಟಿನ ಬನ್ನು ಚೆನ್ನಾಗಿ ಎದ್ದಿತ್ತು, ಬ್ರೆಡ್ಡು ಸುಮಾರಾಗಿತ್ತು. ನಮ್ಮದರ ಬ್ರೆಡ್ಡು ತಟ್ಟೆ ತುಂಬಿತ್ತು. ನಮ್ಮ ಬನ್ನಿನ ಹಿಟ್ಟು ಬಟ್ಟೆಯನ್ನೇ ಮೇಲೆತ್ತಿ ಅಂಚು ದಾಟಿತ್ತು. ಭಟ್ಟಿಯಿಂದ ಹೊರಗೆ ಬಂದ ಮೇಲೆ ಅವರು ನಮ್ಮ ಬನ್ನನ್ನು ಮುರಿದು, ಮೂಸಿ, ಬೆರಳಲ್ಲಿ ಒತ್ತಿ ನೋಡಿದರು. ಒತ್ತಿದ ಜಾಗ ಮತ್ತೆ ಮೇಲೆದ್ದಿತು.

“ಇದು ಯಾರ್ದಾದ್ರೂ ಆಗ್ಲಿ ಸಾರ್,” ಎಂದರು. “ಕ್ರಿಸ್ಮಸ್ಸಿಗೆ ನಂಗೆ ಇದೇ ಬೇಕು.”

ಮ್ಯಾನೇಜರು ಬನ್ನು ಬಾಯಿಗಿಟ್ಟುಕೊಂಡು, ಬಾಗಿಲ ಕಡೆ ತಿರುಗಿ, “ಗೆದ್ದಿರಿ ರಾಯರೇ. ನಿಮ್ಮ ವಿಭಾಗ ಎಲ್ಲಿಗೂ ಹೋಗಲ್ಲ,” ಎಂದರು.

ರಾಯರು ಒಳಗೆ ಬಂದರು. “ಗೆದ್ದವನು ನಾನಲ್ಲ,” ಎಂದರು. “ಇದನ್ನ ಎಸಿ ಅಂತ ಹೇಳಿದವನು ನಾನು. ಎಸೆಯಲ್ಲ ಅಂದವಳು ಪ್ರಭಾವತಿ.” ಭಟ್ಟಿಗೆ ಸೌದೆ ತುಂಬುವವರು, ಹಿಟ್ಟು ನಾದುವವರು, ಟೀ ಕುಡಿಯಲು ಬಂದ ಗಣಿಯವರು, ಎಲ್ಲರ ಎದುರಿಗೆ ಹೇಳಿದರು. ಆಮೇಲೆ ನನಗೆ ಬಡ್ತಿಗಳು ಬಂದವು, ಯಾವ ಯಾವ ವರ್ಷವೆಂದು ನೆನಪಿಲ್ಲ. ಈ ಮಾತು ಮಾತ್ರ ಅಕ್ಷರ ಅಕ್ಷರವೂ ನೆನಪಿದೆ.

ಮರುದಿನ ನಾನು ಕೆಲಸಕ್ಕೆ ಬರುವ ಹೊತ್ತಿಗೆ ರಾಯರು ಆಗಲೇ ಬಂದಿದ್ದರು. ತಣ್ಣನೆಯ ಕೋಣೆಯಿಂದ ಕಾಕಂಬಿ ತಟ್ಟೆಗಳನ್ನೆಲ್ಲ ಹೊರಗೆ ತಂದು ಮೇಜಿನ ಮೇಲೆ ಸಾಲಾಗಿ ಇಟ್ಟಿದ್ದರು. ನನ್ನನ್ನು ಕಂಡು ನಗುತ್ತಾರೇನೋ ಎಂದುಕೊಂಡೆ. ನಗಲಿಲ್ಲ. ಖಾಲಿ ತಟ್ಟೆಯೊಂದನ್ನು ಕೈಯಲ್ಲಿ ತಿರುಗಿಸುತ್ತಾ ನಿಂತಿದ್ದರು.

“ಈ ತಟ್ಟೆ ನೋಡಿಕೊಂಡು ನಾನು ಎಷ್ಟು ವರ್ಷದಿಂದ ಆರಿಸ್ತಾ ಇದೀನಿ ಗೊತ್ತಾ ಪ್ರಭಾ,” ಎಂದರು. “ಅದೆಷ್ಟು ಒಳ್ಳೆಯವನ್ನ ಎಸೆದುಬಿಟ್ಟೆನೋ.”

ಕುರ್ಚಿ ಎಳೆದು ಅವರನ್ನು ಕೂರಿಸಿ, ಪಕ್ಕದಲ್ಲಿ ನಾನೂ ಕೂತೆ. ಹಿಂದಿನ ವಾರ ಒಡೆದ ಚೀಲಗಳ ತಟ್ಟೆಗಳು ಎದುರಿಗಿದ್ದವು, ಅವನ್ನಿನ್ನೂ ಯಾರೂ ಆರಿಸಿರಲಿಲ್ಲ. ರಾಯರು ಕನ್ನಡಕ ಹಾಕಿಕೊಂಡು ಮೊದಲ ತಟ್ಟೆಯನ್ನು ಹತ್ತಿರ ಎಳೆದುಕೊಂಡರು. ಆವತ್ತು ನಾವಿಬ್ಬರೂ ಬರೀ ಚಿಕ್ಕವನ್ನೇ ಆರಿಸಿದೆವು.